ಸೈಕಲ್ ಕಡ್ಡಿಯ ತಿರುಪುಳಿ

ನನ್ನ ಬೀಗದಕೈ ಗೊಂಚಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನ ಬಾಲವೊಂದು ನೇತಾಡುತ್ತದೆ. ಅದರ ಮೂತಿಗೆ ಒಂದೂವರೆ ಅಂಗುಲದ ಸೈಕಲ್ ಕಡ್ಡಿ. 1974ರಲ್ಲಿ ತಿಪಟೂರಿನ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದಾಗ ಮಾಡಿಕೊಂಡದ್ದು. ಯಜಮಾನರು ತಮ್ಮ ಸ್ಕ್ರೂಡ್ರೈವರ್ ಮುಟ್ಟಗೊಡುತ್ತಿರಲಿಲ್ಲ. ‘ನಿಂದು ನೀನೇ ಮಾಡ್ಕೊಳ್ಳೋ’ ಅಂದರು. ಕೆಲಸಕ್ಕೆ ಸೇರಿಸಿಕೊಂಡ ಹಾಗಾಯಿತು.

ಕಡ್ಡಿ ಪುಕ್ಕಟೆ. ಸೈಕಲ್ ಕಡ್ಡಿ ಮುರಿಯುವುದು ಹೆಚ್ಚಾಗಿ ಹಬ್ಬಿನ ಹತ್ತಿರದ ಬಾಗಿನಲ್ಲಿ. ಉಳಿದದ್ದೆಲ್ಲ ನೆಟ್ಟಗೇ ಇರುತ್ತದೆ, ಸೈಕಲ್ ಶಾಪಿನವನು ಮೂಲೆಗೆ ಎಸೆದಿರುತ್ತಾನೆ. ಪಂಪ್ ಸ್ಟೌವಿನ ಉರಿಯಲ್ಲಿ ತುದಿ ಕೆಂಪಗಾದ ಮೇಲೆ ಬಡಿದು ಚಪ್ಪಟೆ ಮಾಡಿ, ಅರದಿಂದ ಉಜ್ಜಿ, ಮತ್ತೆ ಕಾಯಿಸಿ ನೀರಿಗದ್ದಬೇಕು. ಈ ಉಕ್ಕು ಹದ ಹಿಡಿಯುವುದು ಅಷ್ಟಕ್ಕಷ್ಟೆ. ಆಗಾಗ ಅರ ಆಡಿಸುತ್ತಲೇ ಇರಬೇಕಿತ್ತು. ಇನ್ನೊಂದು ತುದಿ ಕಾಯಿಸಿ ಬ್ರಷ್ಷಿನ ಹಿಡಿಗೆ ಒತ್ತಿದರೆ ಪ್ಲಾಸ್ಟಿಕ್ ಕರಗಿ ಕಚ್ಚಿಕೊಳ್ಳುತ್ತದೆ. ಮೊದಲನೆಯದು ಸೀಳಿಹೋಯಿತು, ಅಂಗಡಿಯೆಲ್ಲ ಸುಟ್ಟ ವಾಸನೆ, ಬೈಗುಳ ಬೇರೆ. ಆಗಿನ ಬ್ರಷ್ಷುಗಳ ಹಿಡಿಯ ಕೊನೆಗೆ ತೂತಿರುತ್ತಿತ್ತು. ಗೊಂಚಲಿನ ಬಳೆ ಪೋಣಿಸಲು ಅದೇ ಸಾಕು. ವಾಲ್ವ್ ರೇಡಿಯೊದೊಳಗೆ ಇನ್ನೂರು ವೋಲ್ಟಿನ ಮೇಲೆ ಕರೆಂಟು ಓಡಾಡುತ್ತದೆ, ಆದ್ದರಿಂದ ಕಡ್ಡಿಯ ಮೈಗೆ ಸೈಕಲ್ಲಿನ ವಾಲ್ವ್ ಟ್ಯೂಬ್ ತೊಡಿಸಿದೆ. ವಾಲ್ವಿಗೆ ವಾಲ್ವೇ ಕಾವಲು!

ಈ ತಿರುಪುಳಿ ತೀರಾ ಬೇಕಾಗುತ್ತಿದ್ದದ್ದು ರೇಡಿಯೊದ ಗುಂಡಿ ಬಿಚ್ಚಲು. ಗುಂಡಿಯನ್ನು ಕಂಬಿಗೆ ಬಿಗಿಯುವ ಪುಟ್ಟ ತಿರುಪಿಗೆ ತಲೆಯೇ ಇರದು, ಪಕ್ಕದ ತೂತಿನಾಳದಲ್ಲಿ ಕೂತಿರುತ್ತದೆ. ದಪ್ಪ ಸ್ಕ್ರೂಡ್ರೈವರ್ ಅಲ್ಲಿಗೆ ಇಳಿಯದು. ಸ್ಟೇಷನ್ ಕೂರಿಸುವ ಫೆರೈಟ್ ತುಂಡಿಗೆ ಮಾತ್ರ ಕಡ್ಡಿಯೂ ಆಗದು: ಉಕ್ಕು ಹತ್ತಿರ ಬಂದರೇ ಶ್ರುತಿ ಜಾರುತ್ತದೆ. ಅದಕ್ಕೆ ಬಿದಿರು ಕೆತ್ತಿ ಬೇರೊಂದು ಮಾಡುತ್ತಿದ್ದೆವು.

ಗೊಂಚಲಿಗೆ ಸಲಕರಣೆ ಕಟ್ಟುವುದು ನಾವು ಕಂಡುಹಿಡಿದದ್ದಲ್ಲ. ನಮ್ಮಜ್ಜನ ಉಡಿದಾರದಲ್ಲಿ ಮುಳ್ಳು ಕೀಳುವ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿ ಒಂದೇ ಬಳೆಯಲ್ಲಿ ಇರುತ್ತಿದ್ದವು, ಜಾತ್ರೆಯಲ್ಲಿ ಕೊಂಡದ್ದು. ಅಜ್ಜನಿಗೆ ಜಾಲಿಮುಳ್ಳು, ನನಗೆ ತಿರುಪು.

ನಮ್ಮ ಕಸುಬಿಗೆ ಕಲ್ಲು ಬಿದ್ದದ್ದು ಕೊಲ್ಲಿಯಿಂದ ಬಂದವರ ಜಪಾನಿ ಟೇಪ್ ರೆಕಾರ್ಡರುಗಳ ಜೊತೆ. ಅವುಗಳ ಬೆನ್ನಲ್ಲೆಲ್ಲ ಕೂಡುಗೀಟಿನ ತಿರುಪು. ನಮ್ಮ ಬಾಯಲ್ಲಿ ಅದು ‘ಸ್ಟಾರ್’. ಆ ಬಗೆಯ ತಲೆಯನ್ನು ಬಳಕೆಗೆ ತಂದವನು ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್. ಪೇಟೆಂಟು ಸಿಕ್ಕಿದ್ದು 1936ರಲ್ಲಿ. (ಫಿಲಿಪ್ಸ್ ರೇಡಿಯೊಗೂ ಅವನಿಗೂ ಸಂಬಂಧವಿಲ್ಲ, ನಾನು ವರ್ಷಗಟ್ಟಲೆ ಇದೆ ಅಂದುಕೊಂಡಿದ್ದೆ.) ಕಾರ್ಖಾನೆಯಲ್ಲಿ ಯಂತ್ರದ ಮೂತಿ ತಾನಾಗಿ ನಡುವಿಗೆ ಬಂದು ಕೂರಲಿ ಎಂದು ಮಾಡಿದ್ದು ಅದು. ಯಂತ್ರಕ್ಕೆ ಸುಲಭವಾಯಿತು, ಅರ ಹಿಡಿದ ಹುಡುಗನಿಗೆ ಕಷ್ಟ. ಒಂದು ಗೀಟಿನ ಬಾಯಿಗೆ ಎರಡು ಮುಖ ಉಜ್ಜಿದರೆ ಮುಗಿಯಿತು. ಸ್ಟಾರಿಗೆ ನಾಲ್ಕು ರೆಕ್ಕೆ ಸಮನಾಗಿ ಬರಬೇಕು, ಮೃದು ಕಡ್ಡಿಯಲ್ಲಿ ಅದು ಎರಡೇ ತಿರುವಿಗೆ ಸವೆದು ಬೋಳಾಗುತ್ತದೆ. ಹೊಸ ಹುಡುಗರು ಸ್ಕ್ರೂಡ್ರೈವರ್ ಸೆಟ್ ಕೊಂಡುಕೊಂಡೇ ಕೆಲಸಕ್ಕೆ ಬರತೊಡಗಿದರು.

ಕನ್ನಡಕದ ತಿರುಪುಗಳಲ್ಲಿ ಒಂದು ಗೀಟಿನವು ಇನ್ನೂ ಇವೆ. ಮೊನ್ನೆ ನನ್ನದರ ಕಾಲು ಸಡಿಲವಾದಾಗ ಬಿಗಿಸಿದ್ದು ಈ ಕಡ್ಡಿಯಿಂದಲೇ.