ಗೆದ್ದವನಿಗೆ ಬೆಳ್ಳಿ ಕಡೆ, ದಾರಿ ತೋರಿಸಿದವನಿಗೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ದಿನ ಅತಿ ಹೆಚ್ಚು ಕೇಳಿಬರುವುದು ಪೈಲವಾನರ ಹೆಸರಲ್ಲ, ಇನಾಮು ಕೊಟ್ಟವರ ಹೆಸರು. ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಇಷ್ಟು ತೊಲಿ ಬೆಳ್ಳಿ ಕಡೆ ಎಂದು ಧ್ವನಿವರ್ಧಕ ಮೂರು ಮೂರು ಸಲ ಕೂಗುತ್ತದೆ. ಅದಾದ ಮೇಲೆ ಗೆದ್ದವನ ಹೆಸರು. ಹುಡುಗರ ಜೋಡಿಗೆ ತೆಂಗಿನಕಾಯಿ, ದೊಡ್ಡವರಿಗೆ ಕಡೆ, ಕೊನೆಯ ಕುಸ್ತಿಗೆ ಗದೆ. ಗುಂಡು ಎತ್ತುವವರಿಗೂ ಚೀಲ ಹೊರುವವರಿಗೂ ಹೀಗೆಯೇ. ಆದರೆ ಎರೆ ಭೂಮಿಯ ಈ ಊರುಗಳಿಗೆ ಕೆಂಪು ಮಣ್ಣು ಹೇರಿ ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಕಣ ಹದ ಮಾಡಿದವರ ಹೆಸರು ಆ ಪಟ್ಟಿಯಲ್ಲಿ ಬರುವುದು ಅಪರೂಪ.

ಆಡಿದವನನ್ನು ಗೌರವಿಸುವುದು ಹೇಗೆ, ಆಟಕ್ಕಾಗಿ ದುಡಿದವನನ್ನು ಗೌರವಿಸುವುದು ಹೇಗೆ ಎಂಬ ಪ್ರಶ್ನೆ ಇಂದಿನ ಕ್ರೀಡಾ ಸಂಘಗಳು ಹುಟ್ಟುಹಾಕಿದ್ದಲ್ಲ. ಅದಕ್ಕೆ ಈ ನಾಡಿನಲ್ಲಿ ಸಾವಿರ ವರ್ಷ ಮೀರಿದ ಇತಿಹಾಸವಿದೆ.

ನಾಯಿಗೂ ಒಂದು ಕಲ್ಲು

ಹಳೆಯ ಕಾಲದ ಸನ್ಮಾನಪತ್ರವೆಂದರೆ ವೀರಗಲ್ಲು. ರಟ್ಟರು ಸುಗಂಧವರ್ತಿ ಎಂಬ ಹೆಸರಿನಿಂದ ಆಳಿದ ಸವದತ್ತಿಯ ಸುತ್ತಲೂ, ಒಟ್ಟು ಉತ್ತರ ಕರ್ನಾಟಕದಲ್ಲೂ ಊರ ಬಾಗಿಲ ಬಳಿ, ಗುಡಿಯ ಮಗ್ಗುಲಲ್ಲಿ ಇಂಥ ಕಲ್ಲುಗಳು ನಿಂತಿರುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ತುರುಗಳನ್ನು ಬಿಡಿಸಲು ಹೋಗಿ ಸತ್ತವನೇ ಇವುಗಳಲ್ಲಿ ಹೆಚ್ಚಾಗಿ ಕಾಣುವ ನಾಯಕ.

ಕಲ್ಲು ನೆಟ್ಟಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕತ್ತಿ ತೊಳೆದು ಕೊಟ್ಟ ಭೂಮಿ ಬಾಳ್ಗಚ್ಚು. ಹೊಗಳಿಕೆ ಕಲ್ಲಿನ ಮೇಲೆ, ಅನ್ನ ಹೊಲದಲ್ಲಿ ಎಂಬ ಲೆಕ್ಕ. ಇಂದಿನ ಶಾಲು, ಹಾರ, ಸ್ಮರಣಿಕೆಗಳಿಗಿಂತ ಇದು ಗಟ್ಟಿ ವ್ಯವಸ್ಥೆ ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

ಇವುಗಳಲ್ಲಿ ವಿಚಿತ್ರವಾದದ್ದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬವನಿಗೆ ಬೂತುಗ ಬೇಡಿದ್ದು ಕೊಡುವೆನೆಂದ. ಮಣಲೇರ ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ರಾಜನ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಗೆ ನೆರವಾದ ನಾಯಿಯನ್ನೂ ಹೆಸರಿಟ್ಟು ನೆನೆದ ಕಾಲ ಅದು.

ರಕ್ತಮಾನ್ಯ, ಶೇತಸನದು

ನೆತ್ತರುಗೊಡಗೆಯ ಪದ್ಧತಿ ಕಿತ್ತೂರು ಸಂಸ್ಥಾನದ ಹೊತ್ತಿಗೆ ರಕ್ತಮಾನ್ಯವಾಗಿ ಉಳಿದಿತ್ತು. ಸಂಗೊಳ್ಳಿ ರಾಯಣ್ಣನ ಮನೆತನಕ್ಕೆ ಇಂಥ ರಕ್ತಮಾನ್ಯದ ಹೊಲವಿತ್ತೆಂದು ಬೈಲಹೊಂಗಲ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ರಾಯಣ್ಣನನ್ನು ಕಂಪನಿ ಸರಕಾರದ ಕಾಗದಗಳು ಶೇತಸನದಿ ಎಂದು ಕರೆಯುತ್ತವೆ. ಶೇತ ಎಂದರೆ ಹೊಲ, ಸನದು ಎಂದರೆ ಅಧಿಕಾರಪತ್ರ. ಹೊಲದ ಉತ್ಪನ್ನ ಉಂಡು, ಕರೆ ಬಂದಾಗ ಆಯುಧ ಹಿಡಿದು ಹಾಜರಾಗುವ ಊರಿನ ಕಾವಲುಗಾರನೇ ಶೇತಸನದಿ.

ಇವರ ಜೊತೆಗೆ ವಾಲೀಕಾರರು, ತಳವಾರರು ಇದ್ದರು. ಓಲೆಕಾರ ಎಂಬುದೇ ಬಾಯಿಂದ ಬಾಯಿಗೆ ವಾಲೀಕಾರ ಆಯಿತೆನ್ನುತ್ತಾರೆ. ಓಲೆ ಮುಟ್ಟಿಸುವುದು, ಜಮಾ ಆದ ಕಂದಾಯದ ಹಣವನ್ನು ಖಜಾನೆಗೆ ಒಯ್ಯುವುದು, ಪರವೂರಿನ ಅಧಿಕಾರಿಗೆ ಮುಂದಿನ ಊರಿನ ದಾರಿ ತೋರಿಸುವುದು, ಸೀಮೆಕಲ್ಲು ಎಲ್ಲಿದೆಯೆಂದು ಹೇಳುವುದು ಇವರ ಕೆಲಸ. ಕಾಗದದ ನಕಾಶೆ ಬರುವ ಮೊದಲು ಇವರೇ ಈ ಸೀಮೆಯ ನಕಾಶೆ. ಮುಂದೆ ಕಂದಾಯ ಮೋಜಣಿಯ ಸರಪಳಿ ಹಿಡಿದು ಸಾಹೇಬರು ಬಂದಾಗಲೂ ಗುಡ್ಡ, ಹಳ್ಳ, ಗಡಿಗಳನ್ನು ಗುರುತಿಸಿ ಕೊಟ್ಟವರು ಊರ ಆಳುಗಳೇ. ಸರ್ವೆ ಆಫ್ ಇಂಡಿಯಾದ ನಕಾಶೆಗಳ ಮೇಲೆ ಸರ್ವೇಯರ್ ಜನರಲ್ ಹೆಸರು ಅಚ್ಚಾಗುತ್ತದೆ. ಗುಡ್ಡ ಹತ್ತಿ ದಾರಿ ತೋರಿಸಿದ ವಾಲೀಕಾರನ ಹೆಸರಿಗೆ ಅಲ್ಲಿ ಜಾಗವಿಲ್ಲ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡಳು. ಇಷ್ಟು ಎಲ್ಲರಿಗೂ ಗೊತ್ತಿರುವ ಕತೆ. ಅದರ ನಂತರದ ರಾಯಣ್ಣನ ಬಂಡಾಯದ ಹಿಂದೆ ಹೊಲದ ಸಂಗತಿಯೂ ಇತ್ತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸೇವೆಗಾಗಿ ಬಿಟ್ಟಿದ್ದ ಭೂಮಿಗಳ ಮೇಲೆ ಕಂಪನಿ ಕೈ ಇಟ್ಟಿತು. ಶೇತಸನದಿಗಳಿಗೆ ಅದು ಆದಾಯದ ನಷ್ಟವೂ ಹೌದು, ಮಾನದ ನಷ್ಟವೂ ಹೌದು. ತನ್ನ ಮನೆಯ ಹಿರಿಯರ ನೆತ್ತರಿಗೆ ಸಿಕ್ಕ ಗುರುತು ಸರಕಾರದ ದಫ್ತರಿನಲ್ಲಿ ಒಂದು ಗೀಟಿನಿಂದ ಹೋದರೆ ಯಾರು ಸುಮ್ಮನಿದ್ದಾರು? 1830ರ ಆರಂಭದಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಏಪ್ರಿಲಿನಲ್ಲಿ ರಾಯಣ್ಣ ಮೋಸದಿಂದ ಸೆರೆಸಿಕ್ಕ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಹಿಡಿದುಕೊಟ್ಟವರಿಗೆ ಕಂಪನಿ ಇನಾಮು ಕೊಟ್ಟಿತು. ಗೌರವಿಸುವ ಪದ್ಧತಿ ನಿಲ್ಲಲಿಲ್ಲ, ಯಾರನ್ನು ಗೌರವಿಸಬೇಕೆಂಬುದು ಬದಲಾಯಿತು. ನಂದಗಡದ ಆಲದ ಮರಕ್ಕೆ ಮಕ್ಕಳ ಭಾಗ್ಯ ಬೇಡಿ ತೊಟ್ಟಿಲು ಕಟ್ಟುವ ಜನ ಮಾತ್ರ ಯಾವ ದಫ್ತರನ್ನೂ ಕೇಳಲಿಲ್ಲ.

1843ರಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ತನಿಖೆ ಆರಂಭವಾಯಿತು. 1852ರ ಕಾಯಿದೆಯಿಂದ ಇನಾಂ ಕಮಿಷನ್ನಿಗೆ ಪೂರ್ಣ ಅಧಿಕಾರ ಬಂತು. ಸನದು ತೋರಿಸು, ಇಲ್ಲವೇ ಹೊಲ ಬಿಡು. ಅಜ್ಜನ ಕಾಲದಿಂದ ಉತ್ತುಂಡವನ ಬಳಿ ಕಾಗದ ಎಲ್ಲಿಂದ ಬರಬೇಕು? ಕಮಿಷನ್ನಿನಲ್ಲಿ ಹಿಂದೆ ಕೆಲಸ ಮಾಡಿದ್ದ ಮ್ಯಾನ್ಸನ್ ಎಂಬ ಅಧಿಕಾರಿ 1858ರ ಮೇ 29ರ ರಾತ್ರಿ ರಾಮದುರ್ಗ ಸಮೀಪದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಜನರ ಕೈಯಲ್ಲಿ ಹತನಾದ. ಊರ ಸೇವೆಯ ಉಳಿದ ಉಂಬಳಿಗಳು ಸ್ವಾತಂತ್ರ್ಯಾನಂತರ, 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯೊಂದಿಗೆ ಮುಗಿದವು.

ಬೆಳಗಾವಿಯ ಓಟಗಾರ, ಬೆಳಗಾವಿಯ ಸ್ವಯಂಸೇವಕ

ಆಧುನಿಕ ಕ್ರೀಡೆಯ ಗೌರವ ಈ ಜಿಲ್ಲೆಗೆ ಬಂದದ್ದು ಓಟದಿಂದ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತಾಪಿ ಹುಡುಗರನ್ನು ಕಂಡು ಸರ್ ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷ ಆ್ಯಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಆರು ಜನ ಹೋದರು. ಅವರಲ್ಲೊಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1920ರ ಆಗಸ್ಟ್ 22ರ ಮ್ಯಾರಥಾನ್ 42.75 ಕಿಲೋಮೀಟರ್, ಅಂದರೆ ಇಂದಿನ ದೂರಕ್ಕಿಂತ ಅರ್ಧ ಕಿಲೋಮೀಟರಿನಷ್ಟು ಹೆಚ್ಚು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಕೋಲೆಹ್ಮೈನನ್ ಅವರಿಗಿಂತ ಸುಮಾರು 18 ನಿಮಿಷ ಹಿಂದೆ. ಪದಕವಿಲ್ಲ. ನಮ್ಮ ಪೀಳಿಗೆಯವರು ಶಾಲೆಯಲ್ಲಿ ಅವರ ಹೆಸರು ಕೇಳಿದ್ದು ಕಡಿಮೆ.

ನಾಲ್ಕು ವರ್ಷಗಳ ನಂತರ, 1924ರ ಡಿಸೆಂಬರಿನಲ್ಲಿ ಅದೇ ಬೆಳಗಾವಿ ಇನ್ನೊಂದು ಬಗೆಯ ಜನರನ್ನು ದೇಶಕ್ಕೆ ತೋರಿಸಿತು. ಮಹಾತ್ಮಾ ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ತಿಲಕವಾಡಿಯಲ್ಲಿ ವಿಜಯನಗರ ಎಂಬ ತಾತ್ಕಾಲಿಕ ಊರು ಎದ್ದಿತು. ನೀರಿಗೆ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಗಂಗಾಧರರಾವ ದೇಶಪಾಂಡೆ ತಮಗಾಗಿ ಕಟ್ಟಿಸಿದ ಖಾದಿ ಕುಟೀರಕ್ಕೆ ಖರ್ಚು ಹೆಚ್ಚಾಯಿತೆಂದು ಗಾಂಧೀಜಿ ಗೊಣಗಿದ್ದೂ ಉಂಟು. ಸ್ವಯಂಸೇವಕರ ಹೊಣೆ ಡಾ. ನಾ.ಸು. ಹರ್ಡೀಕರ ಅವರದು. ಅಮೆರಿಕದಲ್ಲಿ ಓದಿ ಬಂದ ಈ ವೈದ್ಯರು ನಾಗಪುರದ ಧ್ವಜ ಸತ್ಯಾಗ್ರಹದ ಅನುಭವದಿಂದ ಶಿಸ್ತಿನ ದಳದ ಅಗತ್ಯ ಕಂಡುಕೊಂಡಿದ್ದರು. 1923ರ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಬೆಳಗಾವಿಯಲ್ಲಿ ಪಾಯಿಖಾನೆ ಸ್ವಚ್ಛ ಮಾಡುವ ಕೆಲಸದ ಮುಂದಾಳತ್ವ ಕಾಕಾ ಕಾಲೇಲಕರರದು. ಅಂದಿನ ಜಾತಿ ಕಟ್ಟಳೆಯಲ್ಲಿ ಮೇಲಿನವರೆನಿಸಿಕೊಂಡವರೂ ಬುಟ್ಟಿ ಹಿಡಿದದ್ದು ಸಣ್ಣ ಮಾತಲ್ಲ.

ಹರ್ಡೀಕರರಿಗೆ 1958ರಲ್ಲಿ ಪದ್ಮಭೂಷಣ ಬಂತು. ಸ್ವಾತಂತ್ರ್ಯದ 25ನೆಯ ವರ್ಷವಾದ 1972ರಲ್ಲಿ ಹೋರಾಟಗಾರರಿಗೆ ತಾಮ್ರಪತ್ರ, ಪಿಂಚಣಿ ಬಂದವು. ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸದ ದಾಖಲೆ ಬೇಕಿತ್ತು. ವಿಜಯನಗರದಲ್ಲಿ ನೀರು ಹೊತ್ತವನಿಗೆ, ಪಾಯಿಖಾನೆ ಬಳಿದವನಿಗೆ ಜೈಲಿನ ಚೀಟಿ ಎಲ್ಲಿಂದ ಸಿಗಬೇಕು? ಇನಾಂ ಕಮಿಷನ್ ಕೇಳಿದ ಪ್ರಶ್ನೆಯನ್ನು ನಮ್ಮದೇ ಸರಕಾರ ಒಳ್ಳೆಯ ಉದ್ದೇಶದಿಂದ ಮತ್ತೆ ಕೇಳಿದಂತಾಯಿತು.

ಕ್ರೀಡೆಯ ಸರಕಾರಿ ಗೌರವಗಳೂ ಮೊದಲು ಆಡುವವರಿಗೇ ಬಂದವು. ಅರ್ಜುನ ಪ್ರಶಸ್ತಿ 1961ರಲ್ಲಿ, ತರಬೇತುದಾರರ ದ್ರೋಣಾಚಾರ್ಯ 1985ರಲ್ಲಿ. ಅರ್ಜುನನ ನಂತರ ದ್ರೋಣನಿಗೆ 24 ವರ್ಷ ಹಿಡಿಯಿತು. ನಮ್ಮ ರಾಜ್ಯದಲ್ಲಿ ಏಕಲವ್ಯ ಪ್ರಶಸ್ತಿಯಿದೆ, ಗ್ರಾಮೀಣ ಆಟಗಳಿಗೆ ಕ್ರೀಡಾರತ್ನವಿದೆ, ಆಟಕ್ಕೆ ಆಸರೆಯಾದ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿಯೂ ಇದೆ. ಕಣ ಹದ ಮಾಡುವ ಒಬ್ಬ ಮನುಷ್ಯ ಸಂಸ್ಥೆಯಲ್ಲವಲ್ಲ.

ಈ ವಿಷಯದಲ್ಲಿ ನಮ್ಮ ಜನಕ್ಕೆ ಹೆಚ್ಚು ಪರಿಚಯವಿಲ್ಲದ ಓರಿಯಂಟೀರಿಂಗ್ ಎಂಬ ಆಟ ಒಂದು ಹೆಜ್ಜೆ ಮುಂದಿದೆ. ನಕಾಶೆ, ದಿಕ್ಸೂಚಿ ಹಿಡಿದು ಕಾಡುಗುಡ್ಡಗಳಲ್ಲಿ ಗುರುತಿನ ಜಾಗಗಳನ್ನು ಹುಡುಕುತ್ತ ಓಡುವ ಆಟ ಇದು. 1897ರಲ್ಲಿ ನಾರ್ವೆಯಲ್ಲಿ ಮೊದಲ ಸಾರ್ವಜನಿಕ ಸ್ಪರ್ಧೆ ನಡೆಯಿತು. 1919ರಲ್ಲಿ, ಅಂದರೆ ಪುಣೆಯಲ್ಲಿ ನಮ್ಮ ಹುಡುಗರು ಬರಿಗಾಲಲ್ಲಿ ಓಡಿದ ವರ್ಷವೇ, ಸ್ವೀಡನ್ನಿನ ಅರ್ನ್ಸ್ಟ್ ಕಿಲಾಂಡರ್ ಅದಕ್ಕೆ ದೊಡ್ಡ ರೂಪ ಕೊಟ್ಟ. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಭಾರತದಲ್ಲಿ ಇದು ಹೆಚ್ಚಾಗಿ ಸೈನ್ಯದ ವಲಯದಲ್ಲಿ ಬೆಳೆದ ಆಟ. ಸವದತ್ತಿಯ ಗುಡ್ಡಸಾಲು, ನವಿಲುತೀರ್ಥದ ಕಣಿವೆ, ಸೊಗಲದ ಕಲ್ಲುಬಂಡೆ, ಕಿತ್ತೂರಿನಾಚೆ ಮಲೆನಾಡಿನ ಸೆರಗು ಇವೆಲ್ಲ ಇಂಥ ಆಟಕ್ಕೆ ಹೇಳಿ ಮಾಡಿಸಿದ ನೆಲ ಎಂದು ನಕಾಶೆ ನೋಡಿದವರಿಗೆ ಹೊಳೆಯದಿರದು.

ಓಟಗಾರನಿಗೆ ಇಲ್ಲಿಯೂ ಪದಕ ಉಂಟು. ಆದರೆ ಅವನ ಕೈಗೆ ಕೊಡುವ ನಕಾಶೆಯ ಅಂಚಿನಲ್ಲಿ ಆ ನೆಲವನ್ನು ನಡೆದು ಅಳೆದವರ, ನಕಾಶೆ ಬರೆದವರ ಹೆಸರು ಅಚ್ಚಾಗಿರುವುದು ವಾಡಿಕೆ. ಅನೇಕ ಕಡೆ ಅಂದಿನ ದಾರಿಯನ್ನು ಯೋಜಿಸಿದವರ ಹೆಸರೂ ಇರುತ್ತದೆ. ಗೆದ್ದವನೂ ಸೋತವನೂ ಆ ಹೆಸರುಗಳನ್ನು ಹಿಡಿದೇ ಓಡುತ್ತಾರೆ. ಸ್ಪರ್ಧೆ ಮುಗಿದು ಪದಕ ಹಂಚುವ ಹೊತ್ತಿಗೆ ಸ್ವಯಂಸೇವಕರ ಕೆಲಸ ಮುಗಿದಿರುವುದಿಲ್ಲ. ಹೋದವರೆಲ್ಲ ಕಾಡಿನಿಂದ ತಿರುಗಿ ಬಂದರೇ ಎಂದು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಎಣಿಸಬೇಕು, ಒಬ್ಬರು ಕಡಿಮೆಯಾದರೂ ಹುಡುಕಲು ಹೊರಡಬೇಕು. ಕತ್ತಲಾಗುವ ಮೊದಲು ನೆಟ್ಟ ಗುರುತುಗಳನ್ನು ಕಿತ್ತು ತರಬೇಕು.