ವಾರ್ಹೋಲ್ ಫ್ಲಾಪಿ ಮತ್ತು ನಮ್ಮಜ್ಜಿಯ ಹಾಡು

ಹಳೇ ಫ್ಲಾಪಿ ಓದೋದು ಅಂದ್ರೆ ಡ್ರೈವ್‌ಗೆ ಹಾಕಿ ಕಾಪಿ ಮಾಡೋದು, ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ಯಾಕೆ ಅಂತ ಇವತ್ತು ನೋಡೋಣ.

1985ರ ಜುಲೈ. ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಕಮೊಡೋರ್ ಕಂಪನಿ ಅಮಿಗಾ ಕಂಪ್ಯೂಟರ್ ಬಿಡುಗಡೆ ಮಾಡ್ತು. ವೇದಿಕೆ ಮೇಲಿದ್ದವರು ಹೆಸರಾಂತ ಕಲಾವಿದ ಆಂಡಿ ವಾರ್ಹೋಲ್. ಗಾಯಕಿ ಡೆಬಿ ಹ್ಯಾರಿಯ ಮುಖಚಿತ್ರಕ್ಕೆ ಜನರೆದುರೇ ಆ ಯಂತ್ರದಲ್ಲಿ ಬಣ್ಣ ತುಂಬಿದರು. 1987ರಲ್ಲಿ ಅವರು ತೀರಿಕೊಂಡರು. ಅವರ ಅಮಿಗಾ ಮತ್ತು ಫ್ಲಾಪಿಗಳು ಕೊನೆಗೆ ಪಿಟ್ಸ್‌ಬರ್ಗಿನ ವಾರ್ಹೋಲ್ ಮ್ಯೂಸಿಯಂನ ಉಗ್ರಾಣ ಸೇರಿದವು.

2011ರಲ್ಲಿ ಕೋರಿ ಆರ್ಕ್ಯಾಂಜೆಲ್ ಎಂಬ ಕಲಾವಿದ ಯೂಟ್ಯೂಬಿನಲ್ಲಿ ಆ ಕಾರ್ಯಕ್ರಮದ ವಿಡಿಯೋ ನೋಡಿದರು. 'ಇವರು ಬೇರೆ ಚಿತ್ರಗಳನ್ನೂ ಬಿಡಿಸಿರಬೇಕಲ್ಲ?' ಅಂತ ಹುಡುಕಿ ಹೊರಟರು. ಫ್ಲಾಪಿಗಳೇನೋ ಇದ್ದವು. ಆದರೆ ಹಳೇ ಡ್ರೈವ್‌ಗೆ ಹಾಕಿದರೆ ಹಾಳಾಗಬಹುದು, ಆಮೇಲೆ ಗತಿಯೇನು? ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ ಸಹಾಯಕ್ಕೆ ಬಂತು.

ಮೊದಲ ತೊಡಕು ಡಿಸ್ಕಿನದು. ಅಮಿಗಾ ಡಿಸ್ಕಿನ ಮೇಲೆ ಬರೆಯುವ ಕ್ರಮವೇ ಬೇರೆ, ಮಾಮೂಲಿ ಪಿಸಿಗೆ ಅದು ಅರ್ಥವಾಗಲ್ಲ. ಹಾಗಾಗಿ ಕ್ಲಬ್‌ನವರು ಕ್ರಯೋಫ್ಲಕ್ಸ್ ಎಂಬ ಸಾಧನ ಬಳಸಿದರು. ಇದು ಫೈಲ್ ಹುಡುಕೋದೇ ಇಲ್ಲ. ಡಿಸ್ಕಿನ ಮೇಲೆ ಕಾಂತೀಯತೆ ಎಲ್ಲೆಲ್ಲಿ ಬದಲಾಗುತ್ತೆ ಅನ್ನೋದನ್ನಷ್ಟೇ ದಾಖಲಿಸಿಕೊಳ್ಳುತ್ತೆ. ಅರ್ಥ ಬಿಡಿಸೋ ಕೆಲಸ ಆಮೇಲೆ, ನಿಧಾನವಾಗಿ.

ಎರಡನೆಯ ತೊಡಕು ದೊಡ್ಡದು. ಫೈಲ್‌ಗಳು ಸಿಕ್ಕವು, ಹೆಸರೂ ಕಂಡವು, ಆದರೆ ತೆರೆಯಲಿಲ್ಲ! ವಾರ್ಹೋಲ್ ಬಳಸಿದ್ದ ಚಿತ್ರ ಬಿಡಿಸುವ ತಂತ್ರಾಂಶ ಇನ್ನೂ ಮಾರುಕಟ್ಟೆಗೇ ಬಂದಿರದ ಆವೃತ್ತಿ. ಅದರ ಫಾರ್ಮ್ಯಾಟ್ ಇವತ್ತಿನ ಯಾವ ತಂತ್ರಾಂಶಕ್ಕೂ ಗೊತ್ತಿರಲಿಲ್ಲ. ಕ್ಲಬ್‌ನವರು ಬೈಟ್‌ಗಳನ್ನೇ ಕೂತು ಬಿಡಿಸಿದರು. 2014ರಲ್ಲಿ ಚಿತ್ರಗಳು ಜಗತ್ತಿಗೆ ಕಂಡವು: ಸೂಪ್ ಡಬ್ಬಿ, ಮೂರು ಕಣ್ಣಿನ ವೀನಸ್.

ಅಂದ್ರೆ ಬಿಟ್‌ಗಳು ಉಳಿದರೆ ಸಾಲದು, ಅವುಗಳನ್ನು ಓದುವ ಲಿಪಿಯೂ ಉಳಿಯಬೇಕು.

ನಮ್ಮ ಕನ್ನಡಕ್ಕೂ ಇದೇ ಕತೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಕಾಣೋದು ಬರೀ ಕಲಸುಮೇಲೋಗರ. ನಮ್ಮಜ್ಜಿ ಹೇಳುತ್ತಿದ್ದ ಸೋಬಾನೆ ಹಾಡುಗಳನ್ನು ಚಿಕ್ಕಪ್ಪ ಹಾಗೇ ಟೈಪ್ ಮಾಡಿ ಫ್ಲಾಪಿಯಲ್ಲಿಟ್ಟಿದ್ದರು. ಅಜ್ಜಿ ಹೋದಮೇಲೆ ಪುಣೆಯ ನನ್ನ ರೂಮಲ್ಲಿ ಅದನ್ನು ತೆರೆದೆ. ಫೈಲ್ ಸರಿಯಿತ್ತು, ಒಂದು ಸಾಲೂ ಓದಲಾಗಲಿಲ್ಲ. ಚಿಕ್ಕಪ್ಪನ ಕೆಟ್ಟ ಪಿಸಿಯ ಹಾರ್ಡ್ ಡಿಸ್ಕಿನಲ್ಲಿ ಆ ಫಾಂಟ್ ಸಿಕ್ಕ ದಿನ ಹಾಡು ಕಣ್ಣಿಗೆ ಬಿತ್ತು. ಆಮೇಲೆ ಯೂನಿಕೋಡಿಗೆ ಬದಲಿಸಿದಾಗ ಕೆಲವು ಒತ್ತಕ್ಷರ ತಪ್ಪಿದ್ದವು. ಅಮ್ಮ ಫೋನಿನಲ್ಲಿ ಹಾಡಿ ತಿದ್ದಿಸಿದರು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಬೀರು ತೆಗೆದು ನೋಡಿ. ಮೂರೂವರೆ ಇಂಚಿನ ಫ್ಲಾಪಿ ಸಿಕ್ಕರೆ ಮೊದಲು ಮೂಲೆಯ ಗುಂಡಿ ಸರಿಸಿ, ಕಿಂಡಿ ತೆರೆದುಕೊಳ್ಳಲಿ. ಆಗ ಅದರ ಮೇಲೆ ಹೊಸದೇನೂ ಬರೆಯಲಾಗಲ್ಲ. ಪೂರ್ತಿ ಡಿಸ್ಕಿನ ಇಮೇಜ್ ತೆಗೆದಿಡಿ. ಹಳೇ ಪಿಸಿಯನ್ನು ಗುಜರಿಗೆ ಹಾಕೋ ಮುಂಚೆ ಅದರ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಹಾಡಿನ ಬೀಗದ ಕೈ ಅದರಲ್ಲೇ ಇರಬಹುದು.