ಹೂವಿನ ಪಂಚಾಂಗ ಬರೆದವರು

ಮುತ್ತುಗ ಅರಳಿತೆಂದರೆ ಯುಗಾದಿ ದೂರವಿಲ್ಲ. ನಮ್ಮ ಮರಾಠಿ ನೆರೆಯವರಿಗೆ ಅದು ಪಳಸ, ಹಬ್ಬ ಗುಡಿಪಾಡವಾ. ಇದು ಪ್ರಕೃತಿಯ ಪಂಚಾಂಗ. ಬೆಂಗಳೂರಿನ ಬೀದಿಗಳಿಗೆ ಮಾತ್ರ ಮನುಷ್ಯರು ಯೋಚಿಸಿ ಬರೆದ ಹೂವಿನ ಪಂಚಾಂಗವೊಂದಿದೆ.

1865ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜಿ.ಎಚ್. ಕೃಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಬೀದಿಯ ಹೂವು ಉದುರುವಾಗ ಇನ್ನೊಂದು ಬೀದಿ ಅರಳಬೇಕೆಂಬ ಲೆಕ್ಕದಲ್ಲಿ ಸಾಲುಮರ ನೆಡಿಸಿದರು. ದಕ್ಷಿಣ ಅಮೆರಿಕದ ಜಕರಂಡ ಮಾರ್ಚ್‌ನಲ್ಲಿ ನೀಲಿ. ಮಡಗಾಸ್ಕರಿನ ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪು. ಚಳಿ ಶುರುವಾಗುವಾಗ ಆಕಾಶಮಲ್ಲಿಗೆಯ ಬಿಳಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಸುಮಾರು 15 ಲಕ್ಷ ಸಸಿ ನೆಡಿಸಿ ಆ ಕೆಲಸ ಮುಂದುವರಿಸಿದರು.

ಇಂದು ರಸ್ತೆ ಅಗಲ ಮಾಡಲು ಒಂದು ಸಾಲುಮರ ಉರುಳಿದರೆ, ಆ ಬೀದಿಯ ಒಂದು ಋತುವೇ ಹೋಗುತ್ತದೆ. ಕಡಿಯಲು ಒಂದು ದಿನ ಸಾಕು. ಸಸಿ ಬೆಳೆದು ಹೂ ಬಿಡಲು ವರ್ಷಗಳು ಬೇಕು.

ಗೆಳತಿಯರೇ, ಕಾರ್ಖಾನೆಗಳ ಊರಾದ ನಮ್ಮ ಕುರಕುಂಭಕ್ಕೂ ಇಂಥ ಪಂಚಾಂಗ ಬೇಡವೇ? ಈ ಮಳೆಗಾಲಕ್ಕೆ ಮನೆಗೊಂದು ಸಸಿ ನೆಡೋಣ, ಬೇಸಿಗೆಯಲ್ಲಿ ನೀರೆರೆಯೋಣ. ಹೂವನ್ನು ನಮ್ಮ ಮಕ್ಕಳು ನೋಡಲಿ.